ಹತ್ತೊಂಬತ್ತು ಪಾರಿವಾಳ ಸ್ವೀಕರಿಸಲಾಗಿದೆ

ನಾವು ಡಸ್ಟರ್ ಮಾಡುವವರು. ಶಾಲೆಯಲ್ಲಿ ಬೋರ್ಡು ಒರೆಸುತ್ತಾರಲ್ಲ, ಆ ಡಸ್ಟರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ನಮ್ಮ ಬೀದಿಯ ಅರ್ಧ ಜನ ಈಗ ನಮ್ಮನ್ನು ಪಾರಿವಾಳದವರು ಎಂದುಕೊಂಡಿದ್ದಾರೆ. ಇನ್ನರ್ಧ ಜನ ನಾವು ಸ್ಟ್ರೆಚರ್‌ನಿಂದ ಹಿಡಿದು ಕುದುರೆ ಲಾಳದವರೆಗೆ ಏನು ಬೇಕಾದರೂ ಒದಗಿಸುತ್ತೇವೆ ಎಂದು ನಂಬಿದ್ದಾರೆ. ಹಾಗೆ ನಂಬಿಸಿದ ಪುಣ್ಯಾತ್ಮರು ನಮ್ಮನೆಯವರು.

ಡಸ್ಟರ್ ಎಂದ ಕೂಡಲೇ ಮೂಗು ಮುರಿಯಬೇಡಿ. ಅಂಗೈ ಅಗಲದ ಮರದ ಪಟ್ಟಿ, ಅದರ ಕೆಳಗೆ ಫೆಲ್ಟ್ ಬಟ್ಟೆಯ ಏಳು ಪದರ. ಫೆಲ್ಟ್ ಎಂದರೆ ಕಂಬಳಿಯ ಹಾಗೆ ದಪ್ಪಗಿರುವ ಬಟ್ಟೆ. ಅದನ್ನು ಕತ್ತರಿಸಿ, ಪದರ ಜೋಡಿಸಿ, ಹೊಲಿದು, ಪಟ್ಟಿಗೆ ಅಂಟಿಸುವ ಹೊತ್ತಿಗೆ ಬೆರಳ ತುದಿ ಸುಣ್ಣ ತಿಂದ ಹಾಗೆ ಆಗಿರುತ್ತದೆ. ಈ ಕೆಲಸ ನನ್ನದು ಮತ್ತು ನನ್ನ ಜೊತೆ ಹೊಲಿಯುವ ಇಬ್ಬರು ಹೆಂಗಸರದ್ದು. ನಮ್ಮನೆಯವರದ್ದು ಕಾಗದಪತ್ರದ ಕೆಲಸ. ಹನ್ನೊಂದು ವರ್ಷದಿಂದ ಸರ್ಕಾರಿ ಶಾಲೆಗಳಿಗೆ ನಮ್ಮದೇ ಡಸ್ಟರ್ ಹೋಗುತ್ತಿದೆ. ವರ್ಷಕ್ಕೆ ಒಂದೇ ಆರ್ಡರು. ಅದು ಬಂದರೆ ಮೂರು ಮನೆಯ ಒಲೆ ಉರಿಯುತ್ತದೆ, ಬರದಿದ್ದರೆ ಮೆಷಿನ್ನಿಗೆ ಮುಸುಕು ಹಾಕಿ ಬೀದಿ ನೋಡುತ್ತಾ ಕೂರಬೇಕು. ಆರ್ಡರು ಬರಬೇಕಾದರೆ ಖರೀದಿ ಕಚೇರಿಯಲ್ಲಿ ನಮ್ಮ ನೋಂದಣಿ ಊರ್ಜಿತವಾಗಿರಬೇಕು. ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಇಷ್ಟೇ ವಿಷಯ. ಇಷ್ಟರಲ್ಲಿ ಎಡವುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ನೀವು ನಮ್ಮನೆಯವರನ್ನು ನೋಡಿಲ್ಲ.

ಹೋದ ವರ್ಷದವರೆಗೆ ಅರ್ಜಿ ಒಂದು ಪುಟದ್ದಿತ್ತು. 'ಸರಬರಾಜು ಮಾಡುವ ವಸ್ತು' ಎಂಬಲ್ಲಿ ಡಸ್ಟರ್ ಎಂದು ಬರೆದು ಕೊಟ್ಟು ಬರುತ್ತಿದ್ದರು. ಈ ವರ್ಷ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ನನ್ನ ತಮ್ಮನನ್ನು ಜೊತೆಗೆ ಕರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೂಲೆಯ ಕಂಪ್ಯೂಟರ್ ಅಂಗಡಿಗೆ ಹೋದರು. ಅಲ್ಲಿ ನಡೆದದ್ದನ್ನು ತಮ್ಮ ಆಮೇಲೆ ನನಗೆ ಹೇಳಿದ, ಅದೂ ನಾನು ಕಿವಿ ಹಿಂಡಿದ ಮೇಲೆ. ಪರದೆಯ ಮೇಲೆ ಇನ್ನೂರ ಹದಿನಾಲ್ಕು ಸಾಮಾನು ಮತ್ತು ಸೇವೆಗಳ ಪಟ್ಟಿ, ಒಂದೊಂದರ ಪಕ್ಕದಲ್ಲಿ ಒಂದೊಂದು ಖಾಲಿ ಚೌಕ.

"ಯಾವುದಕ್ಕೆ ಟಿಕ್ ಹಾಕ್ಲಿ ಸಾರ್?" ಎಂದು ಅಂಗಡಿಯಾಕೆ ಕೇಳಿದಳು.

"ಒಂದಕ್ಕೆ ಹಾಕಿದ್ರೆ ಫೀಸು ಎಷ್ಟಮ್ಮಾ?"

"ಫೀಸು ಅರ್ಜಿಗೆ ಸಾರ್, ಟಿಕ್ಕಿಗಲ್ಲ."

"ಅಂದ್ರೆ ಎಲ್ಲದಕ್ಕೂ ಹಾಕಿದ್ರೂ ಅಷ್ಟೇನಾ?"

"ಅಷ್ಟೇ."

ಈ ಮಾತು ಕೇಳಿದ ಮೇಲೂ ಒಂದೇ ಟಿಕ್ ಹಾಕಿಸಿ ಎದ್ದು ಬರುವ ಗಂಡಸು ನಮ್ಮನೆಯವರ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಒಂದು ಕೊಂಡರೆ ಒಂದು ಉಚಿತ ಎಂದು, ಮನೆಯಲ್ಲಿ ಯಾರಿಗೂ ಇಲ್ಲದ ಕಾಯಿಲೆಯ ಮುಲಾಮು ಎರಡು ಡಬ್ಬಿ ತಂದವರು ಇವರು. ತಮ್ಮ ತಡೆಯಬಹುದಿತ್ತು. ಅವನು ಹೇಳಿದ್ದೇನು ಗೊತ್ತೇ? "ಇರ್ಲಿ ಬಿಡಿ ಭಾವ, ಯಾವತ್ತಾದ್ರೂ ಉಪಯೋಗಕ್ಕೆ ಬರತ್ತೆ."

ಟಿಕ್ ಹಾಕುವುದಕ್ಕೆ ಒಂದೂಕಾಲು ಗಂಟೆ ಹಿಡಿಯಿತಂತೆ. ಹಿಂದೆ ನಿಂತವರು ಗೊಣಗಿ, ಬೈದು, ಕೊನೆಗೆ ಅವರೂ ಕುತೂಹಲಕ್ಕೆ ಬಗ್ಗಿ ನೋಡುತ್ತಾ ನಿಂತರಂತೆ. ಹಡಗಿನ ಲಂಗರು ಬಂದಾಗ ಮಾತ್ರ ಅಂಗಡಿಯಾಕೆ ಕೈ ನಿಲ್ಲಿಸಿ ಮುಖ ನೋಡಿದಳು. ನಮ್ಮೂರಿನಿಂದ ಸಮುದ್ರಕ್ಕೆ ರೈಲಿನಲ್ಲಿ ಒಂದು ಹಗಲು ಪೂರ್ತಿ ಬೇಕು.

"ಹಾಕಮ್ಮಾ," ಎಂದರು ಇವರು. "ಭೇದ ಯಾಕೆ ಮಾಡ್ಬೇಕು."

ಹತ್ತು ದಿನಕ್ಕೆ ಪ್ರಮಾಣಪತ್ರ ಬಂತು. ಅದರ ಹಿಂದೆ ಒಂಬತ್ತು ಪುಟದ ಪಟ್ಟಿ. ಒಂಬತ್ತಕ್ಕೂ ಕಟ್ಟು ಹಾಕಿಸಿ, ನನ್ನ ದಾರದ ಉಂಡೆಗಳನ್ನು ಇಡುವ ಹಲಗೆ ಕಿತ್ತು, ಅದೇ ಗೋಡೆಗೆ ಸಾಲಾಗಿ ನೇತುಹಾಕಿದರು. ದಾರ ಎಲ್ಲಿಡಲಿ ಎಂದರೆ, "ನೋಡೇ, ಇನ್ಮೇಲೆ ಬರೀ ದಾರ ಅಂತ ಯೋಚನೆ ಮಾಡ್ಬಾರ್ದು" ಎಂದರು. ಎದುರು ಅಂಗಡಿಯ ಟೈಲರ್ ಬಂದು, ಕೈ ಹಿಂದೆ ಕಟ್ಟಿಕೊಂಡು ಮೊದಲ ಕಟ್ಟಿನಿಂದ ಒಂಬತ್ತನೆಯದರವರೆಗೆ ನಡೆದು ನೋಡಿದ.

"ಸಾರ್, ನೂರಾ ಎಂಟನೇದು ಅಗ್ನಿಶಾಮಕ ಏಣಿ ಅಂತಿದೆ. ನಿಮ್ಹತ್ರ ಇದ್ಯಾ?"

"ಇರೋದು ಬೇರೆ, ಅರ್ಹತೆ ಬೇರೆ," ಎಂದರು ನಮ್ಮನೆಯವರು ಗಂಭೀರವಾಗಿ.

ನಮ್ಮಪ್ಪ ನಮ್ಮ ಜೊತೆಗೇ ಇರುತ್ತಾರೆ. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮುದ್ರೆ ಬಿದ್ದ ಕಾಗದ ಕಂಡರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಮನೆಗೆ ಬಂದವರಿಗೆಲ್ಲ ಒಂಬತ್ತು ಪುಟ ಓದಿ ಹೇಳಿದರು. ಹಾಲು ಕೊಡುವವನು ಮೂರನೆಯ ಪುಟದಲ್ಲಿ ಓಡಿಹೋದ.

ಆಮೇಲೆ ಪತ್ರಗಳು ಬರತೊಡಗಿದವು. ಮೊದಲನೆಯದು ಅಶ್ವಾರೋಹಿ ಪೊಲೀಸ್ ದಳದ್ದು: ನಾನೂರು ಕುದುರೆ ಲಾಳ ಬೇಕಿದೆ, ದರ ತಿಳಿಸಿ. ಇವರು ಆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಎರಡು ದಿನ ಬೀದಿಯಲ್ಲೆಲ್ಲ ತಿರುಗಿದರು. ಉತ್ತರ ಮಾತ್ರ ಬರೆಯಲಿಲ್ಲ. "ಬರೀದೇ ಇದ್ರೆ ಅವರಿಗೇ ಅರ್ಥ ಆಗತ್ತೆ ಬಿಡು." ಎರಡನೆಯದು ಆಸ್ಪತ್ರೆಯದ್ದು, ಸ್ಟ್ರೆಚರ್ ಕೇಳಿತ್ತು. ಅದಕ್ಕೂ ಹಾಗೇ ಮಾಡಿದರು. ಮೂರನೆಯ ಪತ್ರ ಬಂದ ದಿನ ಅಪ್ಪ ಪ್ರಮಾಣಪತ್ರದ ಕೊನೆಯ ಪುಟವನ್ನು ಕಟ್ಟಿನ ಸಮೇತ ಕೆಳಗಿಳಿಸಿ, ಭೂತಗನ್ನಡಿ ಹಿಡಿದು ಓದುತ್ತಿದ್ದರು.

"ಅಳಿಯಂದ್ರೇ, ಸ್ವಲ್ಪ ಬನ್ನಿ ಇಲ್ಲಿ. ಷರತ್ತು ಹನ್ನೆರಡು. ಮೂರು ವಿಚಾರಣೆಗೆ ಉತ್ತರ ಕೊಡದ ಸಂಸ್ಥೆಯ ನೋಂದಣಿ ತಾನಾಗಿ ರದ್ದಾಗತಕ್ಕದ್ದು."

ಶಾಲೆಗಳ ಆರ್ಡರು ಬರುವುದಕ್ಕೆ ಇನ್ನು ಒಂದೇ ತಿಂಗಳಿತ್ತು.

ಆ ಮೂರನೆಯ ಪತ್ರ ಬಂದದ್ದು ಎಲ್ಲಿಂದ ಎಂದುಕೊಂಡಿರಿ? ನಮ್ಮನ್ನು ನೋಂದಾಯಿಸಿದ ಖರೀದಿ ಕಚೇರಿಯಿಂದಲೇ. 'ಈ ಕಚೇರಿಯ ದಾಖಲೆ ಕೊಠಡಿಯಲ್ಲಿ ಬೀಡುಬಿಟ್ಟಿರುವ ಪಾರಿವಾಳಗಳನ್ನು ತೆರವುಗೊಳಿಸುವ ಬಗ್ಗೆ. ತಮ್ಮ ಪಟ್ಟಿಯ ನೂರ ಅರವತ್ಮೂರನೇ ಬಾಬ್ತು, ಪಕ್ಷಿ ನಿಯಂತ್ರಣ ಸೇವೆ.'

"ಆಗಲ್ಲ ಅಂತ ಬರೆದು ಬಿಸಾಕಿ," ಎಂದೆ ನಾನು.

"ಹಾಗೆಲ್ಲ ಬರೀಬಾರ್ದಮ್ಮಾ," ಎಂದರು ಅಪ್ಪ. "ಆಗಲ್ಲ ಅಂದ್ರೆ ಟಿಕ್ ಯಾಕೆ ಹಾಕಿದ್ರಿ ಅಂತಾರೆ. ಸುಳ್ಳು ಘೋಷಣೆ ಆಗತ್ತೆ. ಸುಮ್ನಿದ್ರೆ ರದ್ದು, ಆಗಲ್ಲ ಅಂದ್ರೆ ಕಪ್ಪುಪಟ್ಟಿ."

"ಮತ್ತೇನ್ ಮಾಡೋದು ಮಾವ?" ನಮ್ಮನೆಯವರ ದನಿ ಇಷ್ಟೇ ಇಷ್ಟಾಗಿತ್ತು.

"ರೇಟು ಹೇಳಿ. ಓದಿದವರು ಕುರ್ಚಿಯಿಂದ ಬೀಳೋ ಅಂಥ ರೇಟು. ಅವರೇ ಬೇಡ ಅಂತಾರೆ. ಉತ್ತರ ಕೊಟ್ಟ ಹಾಗೂ ಆಯ್ತು, ಕೆಲಸ ತಪ್ಪಿದ ಹಾಗೂ ಆಯ್ತು. ನಮ್ಮ ಕಾಲದಲ್ಲಿ ಎಲ್ರೂ ಮಾಡ್ತಿದ್ದದ್ದು ಇದನ್ನೇ."

ಇವರು ಬರೆದರು. ಆ ದುಡ್ಡಿನಲ್ಲಿ ಪಾರಿವಾಳಕ್ಕೊಂದರಂತೆ ಮನೆ ಕಟ್ಟಿಸಿಕೊಡಬಹುದಿತ್ತು. ನಾಲ್ಕನೇ ದಿನಕ್ಕೆ ಉತ್ತರ ಬಂತು. ಈ ಬಾಬ್ತಿನಲ್ಲಿ ನೋಂದಾಯಿತ ಸಂಸ್ಥೆ ತಮ್ಮದೊಂದೇ ಆಗಿರುವುದರಿಂದ ಕೆಲಸವನ್ನು ತಮಗೇ ವಹಿಸಲಾಗಿದೆ. ತಮ್ಮ ದರ ಇಲಾಖೆಯ ದರಪಟ್ಟಿಗಿಂತ ಹೆಚ್ಚಿರುವುದರಿಂದ ದರಪಟ್ಟಿಯಂತೆಯೇ ಪಾವತಿಸಲಾಗುವುದು. ಇದಕ್ಕೆ ತಮ್ಮ ಒಪ್ಪಿಗೆ ಇದೆ ಎಂದು ಭಾವಿಸಲಾಗಿದೆ. ಏಳು ದಿನದೊಳಗೆ ಮುಗಿಸತಕ್ಕದ್ದು, ತಪ್ಪಿದಲ್ಲಿ ಮೂರು ವರ್ಷ ಕಪ್ಪುಪಟ್ಟಿ.

ಅಪ್ಪ ಪತ್ರವನ್ನು ಎರಡು ಸಲ ಓದಿ, "ಕಾಲ ಕೆಟ್ಟೋಯ್ತು" ಎಂದಷ್ಟೇ ಹೇಳಿ ಒಳಗೆ ಹೋದರು.

ಸುದ್ದಿ ಬೀದಿಗೆ ಹಬ್ಬುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಸಲಹೆಗಳು ಬಂದವು. ಟೈಲರ್ ಬೆಕ್ಕು ಬಿಡಿ ಎಂದ. ಹಾಲಿನವನು ಡ್ರಮ್ಮು ಬಾರಿಸಿ ಎಂದ. ಪಕ್ಕದ ಮನೆಯ ಅಜ್ಜಿ, "ಪಾಪ, ಅವು ಯಾರಿಗೇನ್ ಮಾಡಿದ್ವು" ಎಂದು ನಮ್ಮ ಜೊತೆ ಮಾತೇ ಬಿಟ್ಟರು. ನಮ್ಮನೆಯವರು ಎಲ್ಲರ ಮಾತಿಗೂ ತಲೆಯಾಡಿಸಿ, ಫೆಲ್ಟ್ ಬರುವ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನೂ ನನ್ನ ಒಳ್ಳೆಯ ಮಂಚದ ಹೊದಿಕೆಯನ್ನೂ ತೆಗೆದುಕೊಂಡು, ತಮ್ಮನ ಜೊತೆ ಖರೀದಿ ಕಚೇರಿಗೆ ಹೊರಟರು.

ಅಲ್ಲಿಯ ಸಾಹೇಬರು ತೆಳ್ಳನೆಯ ಮನುಷ್ಯ. ನಗುವುದಿಲ್ಲ, ಬೈಯುವುದೂ ಇಲ್ಲ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ.

"ನಿಮ್ಮ ಸಿಬ್ಬಂದಿ ಎಲ್ಲಿ?"

"ಇವನೇ ಸಾರ್. ನನ್ನ ಹೆಂಡ್ತಿ ತಮ್ಮ."

"ಉಪಕರಣ?"

ಇವರು ಹೊದಿಕೆಯನ್ನು ಬಿಚ್ಚಿ ತೋರಿಸಿದರು. ಅದರ ಮೇಲೆ ಗುಲಾಬಿ ಹೂವಿನ ಚಿತ್ರಗಳಿದ್ದವು. ಸಾಹೇಬರು ಅದನ್ನೂ ಬರೆದುಕೊಂಡರು.

"ನೋಡಿ, ಒಂದು ಹಕ್ಕಿಗೂ ಗಾಯ ಆಗ್ಬಾರ್ದು. ಕಿಟಕಿ ಮುಟ್ಟೋ ಹಾಗಿಲ್ಲ. ಗಾಜು ಒಡೆದಿರೋದು ನಮಗೂ ಗೊತ್ತು, ಆದ್ರೆ ಕಿಟಕಿ ಕಟ್ಟಡ ವಿಭಾಗದ್ದು. ಪತ್ರ ಬರೆದು ಮೂರು ವರ್ಷ ಆಯ್ತು. ನಿಮ್ಮ ಆರ್ಡರ್‌ನಲ್ಲಿ ಕಿಟಕಿ ಇಲ್ಲ, ಪಾರಿವಾಳ ಮಾತ್ರ. ಮುಗಿದ ಮೇಲೆ ಈ ನಮೂನೆ ತುಂಬಿ ಕೊಡಿ. ತೆರವು ಮಾಡಿದ ಸಂಖ್ಯೆ, ಸ್ಥಳಾಂತರಿಸಿದ ಜಾಗ, ಸ್ವೀಕರಿಸಿದವರ ಸಹಿ."

"ಪಾರಿವಾಳ ಸ್ವೀಕರಿಸಿದವರು ಅಂದ್ರೆ ಯಾರು ಸಾರ್?"

"ಅದು ನಿಮಗೆ ಗೊತ್ತಿರ್ಬೇಕು. ನೀವು ತಾನೇ ಈ ಕಸುಬಿನವರು?"

ಸಂಜೆ ಐದಕ್ಕೆ ಪಾರಿವಾಳಗಳು ಗೂಡು ಸೇರಿದ ಮೇಲೆ ಇಬ್ಬರೂ ದಾಖಲೆ ಕೊಠಡಿಗೆ ನುಗ್ಗಿ ಬಾಗಿಲು ಹಾಕಿಕೊಂಡರಂತೆ. ಒಳಗೆ ಏನೇನಾಯಿತೋ ಇವತ್ತಿಗೂ ಇಬ್ಬರೂ ಬಾಯಿ ಬಿಟ್ಟಿಲ್ಲ. ಮನೆಗೆ ಬಂದಾಗ ತಲೆಯಿಂದ ಕಾಲಿನವರೆಗೆ ಧೂಳು, ಪುಕ್ಕ ಮತ್ತು ಹೇಳಬಾರದ್ದು. ಹೊದಿಕೆಯನ್ನು ನಾನು ಆಗಲೇ ಒಲೆಗೆ ಹಾಕಿದೆ. ಆದರೆ ಪೆಟ್ಟಿಗೆಯಲ್ಲಿ ಹತ್ತೊಂಬತ್ತು ಪಾರಿವಾಳಗಳಿದ್ದವು, ಒಂದಕ್ಕೂ ಗಾಯವಿರಲಿಲ್ಲ. ಗಾಯವೆಲ್ಲ ನಮ್ಮನೆಯವರಿಗೆ ಆಗಿತ್ತು.

ಮಾರನೆಯ ಬೆಳಿಗ್ಗೆ ನಮ್ಮ ತಾರಸಿಯ ಮೇಲೆ ಬಿಡುಗಡೆ. ಸ್ವೀಕರಿಸಿದವರ ಸಹಿ ಹಾಕುವುದಕ್ಕೆ ಅಪ್ಪ ಸ್ನಾನ ಮಾಡಿ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಬಂದರು. ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ನಮೂನೆಯಲ್ಲಿ, 'ಹತ್ತೊಂಬತ್ತು ಪಾರಿವಾಳಗಳನ್ನು ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ' ಎಂದು ದುಂಡಗೆ ಬರೆದು, ಕೆಳಗೆ ಗೆರೆ ಎಳೆದು ಸಹಿ ಹಾಕಿದರು. ಪೆಟ್ಟಿಗೆ ತೆರೆದದ್ದೇ ತಡ, ಹತ್ತೊಂಬತ್ತೂ ಒಟ್ಟಿಗೆ ಎದ್ದು ಬೀದಿಯ ಮೇಲೆ ಒಂದು ಸುತ್ತು ಹೊಡೆದವು. ಜನ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಯಾರೋ ಚಪ್ಪಾಳೆ ತಟ್ಟಿದರು. ನಮ್ಮನೆಯವರು ಕಣ್ಣೊರೆಸಿಕೊಂಡರು.

ಕಾಫಿ ಕುಡಿದು, ಬಸ್ಸು ಹಿಡಿದು ಅವರು ಕಚೇರಿ ಮುಟ್ಟಿದಾಗ ಹತ್ತೂವರೆ. ದಾಖಲೆ ಕೊಠಡಿಯ ಗುಮಾಸ್ತರು ಬಾಗಿಲಲ್ಲೇ ಸಿಕ್ಕಿದರು. ಕೋಣೆಯೊಳಗೆ ಒಬ್ಬರೇ ವರ್ಷಗಟ್ಟಲೆ ಕೂತು, ಪಾರಿವಾಳಗಳನ್ನೂ ಸಹೋದ್ಯೋಗಿಗಳ ಲೆಕ್ಕಕ್ಕೆ ಸೇರಿಸಿಕೊಂಡವರು.

"ಬನ್ನಿ ಸಾರ್ ಬನ್ನಿ. ಅವರೆಲ್ಲ ನಿಮಗಿಂತ ಮುಂಚೆನೇ ಬಂದ್ಬಿಟ್ರು."

ಕಪಾಟಿನ ಮೇಲೆ ಹತ್ತೊಂಬತ್ತು ಸಾಲಾಗಿ ಕೂತಿದ್ದವು. ಸಾಹೇಬರು ಬಂದು ಎಣಿಸಿದರು. ಕೈಯಲ್ಲಿದ್ದ ನಮೂನೆ ನೋಡಿದರು. ಮತ್ತೆ ಎಣಿಸಿದರು. ಯಾವ ಕೋಪವೂ ಇಲ್ಲದೆ ತಮ್ಮ ಕೋಣೆಗೆ ಹೋಗಿ ಒಂದು ಪತ್ರ ಟೈಪು ಮಾಡಿಸಿದರು. ಅದು ನಮ್ಮನೆಯವರಿಗಲ್ಲ, ನಮ್ಮಪ್ಪನಿಗೆ. 'ತಾವು ಸುಸ್ಥಿತಿಯಲ್ಲಿ ಸ್ವೀಕರಿಸಿದ್ದ ಹತ್ತೊಂಬತ್ತು ಪಾರಿವಾಳಗಳು ತಮ್ಮ ವಶದಲ್ಲಿ ಇಲ್ಲದಿರುವುದು ಕಂಡುಬಂದಿದ್ದು, ಈ ಬಗ್ಗೆ ತಮ್ಮ ವಿವರಣೆಯನ್ನು ಮೂರು ದಿನದೊಳಗೆ ಸಲ್ಲಿಸತಕ್ಕದ್ದು.'

ಅಪ್ಪ ಪತ್ರ ಓದಿ ಕುರ್ಚಿಯಲ್ಲಿ ಕುಸಿದರು. "ಮೂವತ್ತಾರು ವರ್ಷ ಸರ್ವಿಸಿನಲ್ಲಿ ಒಂದು ಮೆಮೋ ತಗೊಂಡವನಲ್ಲ ನಾನು. ಒಂದು! ಈಗ ಪಾರಿವಾಳದ ವಿಷ್ಯಕ್ಕೆ ತಗೊಂಡೆನಲ್ಲಮ್ಮಾ." ಮಧ್ಯಾಹ್ನ ಊಟ ಮಾಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದರು.

ಬೀದಿಯವರು ಒಬ್ಬೊಬ್ಬರಾಗಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಕೂತರು. ಮೆಲ್ಲಗೆ ಮಾತಾಡಿದರು.

"ಎಷ್ಟು ಹೋದ್ವಂತೆ?" ಎಂದ ಟೈಲರ್.

"ಹತ್ತೊಂಬತ್ತೂ," ಎಂದ ನನ್ನ ತಮ್ಮ.

"ಛೇ ಛೇ. ಒಂದೂ ಉಳೀಲಿಲ್ವಾ?"

ಆ ಹೊತ್ತಿಗೆ ಬಂದ ಹಾಲಿನವನು ಇಷ್ಟು ಮಾತ್ರ ಕೇಳಿಸಿಕೊಂಡು, ಮಲಗಿದ್ದ ಅಪ್ಪನನ್ನು ನೋಡಿ, ನನ್ನ ಹತ್ತಿರ ಬಂದು, "ಅಕ್ಕಾ, ಹೇಗಾಯ್ತು? ನಿನ್ನೆ ಚೆನ್ನಾಗೇ ಇದ್ರಲ್ಲಾ" ಎಂದು ಕಣ್ಣೊರೆಸಿಕೊಳ್ಳುತ್ತಾ ಕೇಳಿದ. ಅಪ್ಪ ಎದ್ದು ಕೂತು, "ನಾನಿನ್ನೂ ಇದ್ದೀನಯ್ಯಾ!" ಎಂದು ಗದರಿಸಿದ ಮೇಲೆ ಅವನಿಗೆ ನೀರು ಕೊಡಬೇಕಾಯಿತು. ಆ ಸಿಟ್ಟಿನಲ್ಲೇ ಅಪ್ಪನಿಗೆ ಮೈಯಲ್ಲಿ ಕಸುವು ಬಂತು. ಕಾಗದ ತರಿಸಿ ವಿವರಣೆ ಬರೆಯಲು ಕೂತರು. ಮೂರು ಪುಟ. 'ಸದರಿ ಪಾರಿವಾಳಗಳು ತಲೆಮರೆಸಿಕೊಂಡಿರುವುದಿಲ್ಲ, ತಮ್ಮ ಕಚೇರಿಗೇ ಸಕಾಲದಲ್ಲಿ ಹಾಜರಾಗಿರುತ್ತವೆ' ಎಂಬ ವಾಕ್ಯವನ್ನು ನನಗೆ ಎರಡು ಸಲ ಓದಿ ಹೇಳಿದರು.

ನನಗೆ ಇದು ಯಾವುದೂ ಕಿವಿಗೆ ಹೋಗುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಹೊಲಿಯುವ ಇಬ್ಬರೂ ಬಂದು, ಮೆಷಿನ್ನಿನ ಮುಂದೆ ಕೂರದೆ ನಿಂತೇ ಇದ್ದರು. "ಅಕ್ಕಾ, ಈ ಸಲ ಆರ್ಡರು ಬರಲ್ವಂತೆ ಹೌದಾ? ಬೇರೆ ಕಡೆ ಕೆಲಸ ಕೇಳ್ಕೊಂಡಿರೋದಾ?" ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ನನ್ನ ಮುಖ ನೋಡಲಿಲ್ಲ, ಅವಳ ಕಣ್ಣು ತುಂಬಿತ್ತು. ನನಗೆ ಭಯವಾಯಿತು, ನಿಜವಾದ ಭಯ. ಭಯ ಆದಾಗ ನನಗೆ ಸಿಟ್ಟು ಬರುತ್ತದೆ. ಒಳಗೆ ಹೋದೆ. ನಮ್ಮನೆಯವರು ಇನ್ನೊಂದು ಹೊದಿಕೆ ಹುಡುಕುತ್ತಿದ್ದರು.

"ರೀ, ಇಡ್ರೀ ಅದನ್ನ ಕೆಳಗೆ! ಇನ್ನೂರ ಹದಿನಾಲ್ಕು ಟಿಕ್ ಹಾಕಿದ್ರಲ್ಲಾ, ಒಂದಕ್ಕಾದ್ರೂ ತಲೆ ಓಡ್ಸಿದ್ರಾ? ನೀವು ಮನೇಲಿರಿ. ನಾನು ಹೋಗ್ತೀನಿ."

"ನೀನಾ? ಅಲ್ಲಿ ನಿನಗೇನ್ ಗೊತ್ತಾಗತ್ತೆ?"

ಅಳತೆ ಟೇಪು, ದಬ್ಬಣ, ಗಟ್ಟಿ ದಾರ, ಉಳಿದಿದ್ದ ಫೆಲ್ಟ್ ಸುರುಳಿ ತೆಗೆದುಕೊಂಡು ಹೊರಟೆ. ಅದು ಆರನೆಯ ದಿನ.

ದಾಖಲೆ ಕೊಠಡಿ ಎಂದರೆ ಉದ್ದನೆಯ ಮಬ್ಬು ಕೋಣೆ. ಎರಡೂ ಕಡೆ ಸೂರಿನವರೆಗೆ ಕಬ್ಬಿಣದ ಕಪಾಟು, ಕೊನೆಯಲ್ಲಿ ಗಾಜಿಲ್ಲದ ಎರಡು ಎತ್ತರದ ಕಿಟಕಿ. ಗುಮಾಸ್ತರು ಕೊಡೆ ಬಿಚ್ಚಿಕೊಂಡು ಅದರ ಕೆಳಗೆ ಕೂತು ಫೈಲು ನೋಡುತ್ತಿದ್ದರು. ಕೊಡೆ ಯಾಕೆ ಎಂದು ನಾನು ಕೇಳಲಿಲ್ಲ, ಮೇಲೆ ನೋಡಿದೆ, ಗೊತ್ತಾಯಿತು.

"ಅಣ್ಣಾ, ಇವು ಯಾವಾಗ್ಲೂ ಇಲ್ಲೇ ಇರ್ತಾವಾ?"

"ಇಲ್ಲಮ್ಮಾ. ಹನ್ನೊಂದಕ್ಕೆ ಮೇಯೋಕೆ ಹೊರಡ್ತಾವೆ, ನಾಲ್ಕಕ್ಕೆ ವಾಪಸ್ಸು. ಈ ಕಚೇರಿಲಿ ಟೈಮಿಗೆ ಸರಿಯಾಗಿ ಬಂದು ಹೋಗೋದು ಅವು ಮಾತ್ರ."

"ಇದನ್ನ ನಮ್ಮನೆಯವರಿಗೆ ಯಾಕೆ ಹೇಳ್ಲಿಲ್ಲ?"

"ಅವರು ಕೇಳ್ಲೇ ಇಲ್ವಲ್ಲಮ್ಮಾ. ಬಂದ ಕೂಡ್ಲೇ ಹೊದಿಕೆ ಬೀಸೋಕೆ ಶುರು ಮಾಡಿದ್ರು."

ಹನ್ನೊಂದಾಯಿತು. ಹತ್ತೊಂಬತ್ತೂ ಎದ್ದು ಸಾಲಾಗಿ ಹೊರಗೆ ಹಾರಿದವು. ಗೂಡುಗಳಲ್ಲಿ ಮೊಟ್ಟೆಯಾಗಲಿ ಮರಿಯಾಗಲಿ ಇಲ್ಲ ಎಂದು ಗುಮಾಸ್ತರೇ ಏಣಿ ಹತ್ತಿ ನೋಡಿ ಹೇಳಿದರು. ನಾನು ಏಣಿ ಹಿಡಿಸಿಕೊಂಡು ಹತ್ತಿದೆ. ಕಿಟಕಿಗೆ ಬೆರಳು ಸಹ ತಾಗಿಸಲಿಲ್ಲ. ಕಿಟಕಿಗಳಿಗಿಂತ ಈಚೆಗೆ, ಆ ಕಪಾಟಿನಿಂದ ಈ ಕಪಾಟಿಗೆ ಫೆಲ್ಟನ್ನು ಎರಡು ಪದರ ಮಾಡಿ ಎಳೆದು ಕಟ್ಟಿ, ಅಂಚನ್ನು ದಬ್ಬಣದಿಂದ ಹೊಲಿದುಬಿಟ್ಟೆ. ಮೇಲೆ ಸೂರಿನವರೆಗೆ, ಕೆಳಗೆ ನೆಲದವರೆಗೆ. ಮೂರೂವರೆಗೆ ಕೆಲಸ ಮುಗಿಯಿತು. ನಾಲ್ಕಕ್ಕೆ ಪಾರಿವಾಳಗಳು ಬಂದವು. ಫೆಲ್ಟಿಗೆ ಮೆತ್ತಗೆ ಡಿಕ್ಕಿ ಹೊಡೆದವು. ಕಿಟಕಿಯ ದಂಡೆಯ ಮೇಲೆ ಕೂತು ಅರ್ಧ ಗಂಟೆ ಗುಟುರುಗುಟ್ಟಿ ದೂರು ಹೇಳಿದವು. ಆಮೇಲೆ ಒಂದೊಂದಾಗಿ ಎದ್ದು ಎದುರಿನ ತೆರಿಗೆ ಕಚೇರಿಗೆ ವರ್ಗವಾಗಿ ಹೋದವು. ಗುಮಾಸ್ತರು ಕೊಡೆ ಮಡಚಿದರು. ಸ್ವಲ್ಪ ಬೇಜಾರಾಗಿದ್ದ ಹಾಗಿತ್ತು ಅವರಿಗೆ.

ಏಳನೆಯ ದಿನ ನಾವೆಲ್ಲ ಹೋದೆವು. ನಮ್ಮನೆಯವರು, ನಾನು, ವಿವರಣೆ ಹಿಡಿದ ಅಪ್ಪ. ಸಾಹೇಬರು ಕೊಠಡಿಯ ಉದ್ದಕ್ಕೂ ನಡೆದರು, ಮೇಲೆ ನೋಡಿದರು, ಸೊನ್ನೆ ಎಂದು ಬರೆದುಕೊಂಡರು. ಅಪ್ಪನ ಮೂರು ಪುಟ ನಿಂತಲ್ಲೇ ಓದಿ, 'ವಿವರಣೆ ತೃಪ್ತಿಕರ' ಎಂದು ಷರಾ ಹಾಕಿದರು. ಅಪ್ಪನ ಮುಖ ಅರಳಿತು.

"ಪರದೆ ಕಟ್ಟಿದ್ದು ಯಾರು?" ಎಂದು ಸಾಹೇಬರು ಕೇಳಿದರು.

"ಈಯಮ್ಮ ಸಾರ್," ಎಂದರು ಗುಮಾಸ್ತರು ಹೆಮ್ಮೆಯಿಂದ. "ಒಬ್ರೇ ಕಟ್ಟಿದ್ರು."

ಸಾಹೇಬರು ನಮ್ಮ ಫೈಲು ತರಿಸಿದರು. ಪುಟ ತಿರುವಿದರು. "ನಿಮ್ಮ ಅರ್ಜಿಯಲ್ಲಿ ಮಾಲೀಕರು ಒಬ್ಬರು, ಕೆಲಸಗಾರರು ಇಬ್ಬರು ಅಂತಿದೆ. ಇವರ ಹೆಸರು ಎಲ್ಲೂ ಇಲ್ವಲ್ಲ."

"ಇವಳು ನನ್ನ ಹೆಂಡ್ತಿ ಸಾರ್."

"ಅದು ನಿಮ್ಮ ಮನೆ ವಿಷಯ.‌ ಸಂಸ್ಥೆಗೆ ಸಂಬಂಧ ಇಲ್ಲದ ಹೊರಗಿನವರ ಕೈಲಿ ಕೆಲಸ ಮಾಡ್ಸಿದ್ದೀರಿ. ಷರತ್ತು ಹದಿನೇಳು. ನೋಂದಣಿ ರದ್ದು ಮಾಡ್ಬೇಕಾಗತ್ತೆ."

ಸಾಹೇಬರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಾಗದದಲ್ಲಿ ಇದ್ದದ್ದನ್ನು ಅವರು ಓದಿದರು, ಅಷ್ಟೇ. ಹನ್ನೊಂದು ವರ್ಷದಿಂದ ಪ್ರತಿ ಸಲ ಅರ್ಜಿ ತುಂಬುವಾಗ ಇವರು ಆ ಇಬ್ಬರ ಹೆಸರು, ವಯಸ್ಸು ಕೇಳಿ ಬರೆದುಕೊಳ್ಳುತ್ತಿದ್ದುದು ನನ್ನ ಹತ್ತಿರವೇ. ನಾನು ಮೆಷಿನ್ ತುಳಿಯುತ್ತಲೇ ಹೇಳುತ್ತಿದ್ದೆ. ನನ್ನದೂ ಬರೆಯಬೇಕೆಂದು ಅವರಿಗೆ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆಯಲಿಲ್ಲ. ಅಲ್ಲಿ ನಿಂತು ಹೊರಗಿನವರು ಎನ್ನಿಸಿಕೊಂಡಾಗ ಮಾತ್ರ ಹೊಳೆಯಿತು.

ನಮ್ಮನೆಯವರು ಬಾಯಿ ತೆರೆದರು. ಸಿಕ್ಕಿಬಿದ್ದಾಗ ಇವರು ಬಾಯಿ ತೆರೆದರೆ ಇದ್ದದ್ದೂ ಹಾಳಾಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಸಾರ್, ಹೊರಗಿನವಳು ಇವಳಲ್ಲ. ಹನ್ನೊಂದು ವರ್ಷದಿಂದ ಡಸ್ಟರ್ ಕತ್ತರಿಸಿದ್ದು ಇವಳು, ಹೊಲಿದಿದ್ದು ಇವಳು, ಲೆಕ್ಕ ಹಾಕಿ ಶಾಲೆಗೆ ಕಳಿಸಿದ್ದೂ ಇವಳು. ನಾನು ಸಹಿ ಹಾಕಿದ್ದೀನಿ, ಅಷ್ಟೇ. ನಿಮ್ಮ ರೂಲ್ಸು ಓದಿದ್ರೆ ಹೊರಗಿನವನು ನಾನೇ ಸಾರ್."

ಅಪ್ಪ ಕೆಮ್ಮಿದರು. ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಅಳು ಬಂತು. ತಡೆಯುವುದಕ್ಕೆ ನೋಡಿದೆ, ಆಗಲಿಲ್ಲ, ಸೆರಗಿನಿಂದ ಒರೆಸಿಕೊಂಡೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯ ಒಂದು ಸರಿಯಾದ ಮಾತಾಡಿದ್ದ, ಅದೂ ಸರ್ಕಾರಿ ಕಚೇರಿಯಲ್ಲಿ.

ಸಾಹೇಬರು ಪೆನ್ನು ಕೆಳಗಿಟ್ಟರು. "ಇದನ್ನ ಬರೆದು ಕೊಡ್ತೀರಾ?"

ಬರೆಯುವುದು ಎಂದ ಕೂಡಲೇ ಅಪ್ಪ ಮುಂದೆ ಬಂದರು. "ಕರಡು ನಾನು ಮಾಡ್ಕೊಡ್ತೀನಿ ಸಾರ್."

ಮಾಲೀಕರ ಬದಲಾವಣೆಗೆ ಬೇರೆ ನಮೂನೆ ಇತ್ತು. ಮಾಲೀಕರೇ ಕೆಲಸ ಮಾಡಿದ್ದರೆ ಷರತ್ತು ಹದಿನೇಳು ಅಡ್ಡ ಬರುವುದಿಲ್ಲ, ನೋಂದಣಿ ಉಳಿಯುತ್ತದೆ ಎಂದರು ಸಾಹೇಬರು. "ಯಾವ ದಿನದಿಂದ ಅಂತ ಹಾಕ್ಲಿ?"

"ಹನ್ನೊಂದು ವರ್ಷದ ಹಿಂದಿನಿಂದ ಹಾಕಿ ಸಾರ್," ಎಂದರು ನಮ್ಮನೆಯವರು.

"ಅಷ್ಟು ಹಿಂದಕ್ಕೆ ಹೋಗೋಕೆ ಬರಲ್ಲ. ಮೊನ್ನೆಯಿಂದ ಹಾಕ್ತೀನಿ."

ನನ್ನ ಹೆಸರು ಬರೆದೆ. ಸಾಮಾನುಗಳ ಪಟ್ಟಿ ಮುಂದಿಟ್ಟರು. ಒಂದಕ್ಕೆ ಟಿಕ್ ಹಾಕಿ ವಾಪಸು ಕೊಟ್ಟೆ. ನಮ್ಮನೆಯವರು ಪಕ್ಕದಲ್ಲಿ ಒಂದು ನಿಟ್ಟುಸಿರು ಬಿಟ್ಟರು. ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು. ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು.

"ಹಿಂದಿನ ಮಾಲೀಕರು ಸಂಸ್ಥೆಯಲ್ಲಿ ಮುಂದುವರಿಯುತ್ತಾರೆಯೇ? ಹೌದು ಅಥವಾ ಇಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ನಮ್ಮನೆಯವರು ಮಾತ್ರ ನೆಲ ನೋಡುತ್ತಿದ್ದರು. ಕೂದಲಲ್ಲಿ ಇನ್ನೂ ಒಂದು ಪುಕ್ಕ ಇತ್ತು, ಮೂರು ದಿನದಿಂದ ಅಲ್ಲೇ ಇತ್ತೋ ಏನೋ. ನಾನು ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಯೋಚಿಸುವಂಥದ್ದೇನೂ ಇರಲಿಲ್ಲ, ಸುಮ್ಮನೆ ಮಾಡಿದೆ.

"ಹೌದು ಸಾರ್."

"ಹುದ್ದೆ?"

"ಸಹಾಯಕ."

"ಕಾಯಂ ಹುದ್ದೆನಾ, ತಾತ್ಕಾಲಿಕನಾ?"

"ತಾತ್ಕಾಲಿಕ ಸಾರ್. ವರ್ಷಕ್ಕೊಂದ್ಸಲ ನವೀಕರಣ."

ಸಾಹೇಬರು ನಗಲಿಲ್ಲ. ಅದನ್ನೂ ಹಾಗೇ ಬರೆದುಕೊಂಡು, ತಲೆಯೆತ್ತಿ ಕೇಳಿದರು. "ನವೀಕರಣಕ್ಕೆ ಸಹಿ ಯಾರು ಹಾಕ್ತಾರೆ?"

"ನಾನೇ," ಎಂದೆ.